ಆಡಿನ ಕೊಟ್ಟಿಗೆಯ ಪಾಠಶಾಲೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಮಲೆನಾಡಿನ ಒಂಟಿಮನೆಗಳಲ್ಲಿ ಜೂನ್ ತಿಂಗಳು ಬಂತೆಂದರೆ ಎರಡು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಮಕ್ಕಳನ್ನು ಯಾವ ಶಾಲೆಗೆ, ಎಷ್ಟು ದೂರಕ್ಕೆ ಕಳುಹಿಸಬೇಕು ಎಂಬುದು ಮೊದಲನೆಯದು. ಕೊಟ್ಟಿಗೆಯ ದನಕರುಗಳಿಗೆ ಹುಲ್ಲು ಸೊಪ್ಪು ತರುವವರು ಯಾರು ಎಂಬುದು ಎರಡನೆಯದು. ಇವೆರಡಕ್ಕೂ ಒಂದೇ ಉತ್ತರ ದೊರೆಯುವುದು ಅಪರೂಪ. ಮಕ್ಕಳು ಪೇಟೆಯ ಹಾಸ್ಟೆಲ್ಲಿಗೆ ಹೋದ ಮನೆಯಲ್ಲಿ ಕೆಲವೇ ವರ್ಷಗಳಲ್ಲಿ ಕೊಟ್ಟಿಗೆ ಬರಿದಾಗುತ್ತದೆ. ಕೊಟ್ಟಿಗೆ ಬರಿದಾದರೆ ತೋಟಕ್ಕೆ ಗೊಬ್ಬರವಿಲ್ಲ; ಅಂಗಡಿಯಿಂದ ಚೀಲದ ಗೊಬ್ಬರ ಬರುತ್ತದೆ; ಸೊಪ್ಪಿಗಾಗಿ ನಿತ್ಯ ಏರಿ ಇಳಿಯುತ್ತಿದ್ದ ಬೆಟ್ಟದ ಮೇಲಿನ ಕಾಳಜಿಯೂ ಮೆಲ್ಲನೆ ಸಡಿಲುತ್ತದೆ. ಆದ್ದರಿಂದ ಮಕ್ಕಳ ವಿದ್ಯೆ ಮತ್ತು ಕೊಟ್ಟಿಗೆಯ ಪಶು ಎಂಬ ಈ ಮನೆವಾರ್ತೆಯ ವಿಷಯವು ಪರಿಸರದ ವಿಷಯವೂ ಹೌದು.

ಈ ಎರಡನ್ನೂ ಒಂದೇ ಅಂಗಳದಲ್ಲಿ ನಿಭಾಯಿಸಲು ಹೊರಟ ಒಂದು ಕುಟುಂಬದ ಕಥೆಯನ್ನು ಇಂದು ವಿಚಾರಕ್ಕೆ ಎತ್ತಿಕೊಳ್ಳಬಹುದು. ಆ ಕುಟುಂಬ ಇದ್ದುದು ಸಹ್ಯಾದ್ರಿಯಲ್ಲಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಇಲ್ಲಿ ಎಚ್ಚರಿಕೆಯಾಗಿ ನೆನಪಿರಲಿ.

ಡೇವಿಡ್ ಕೋಲ್‌ಫ್ಯಾಕ್ಸ್ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ಪತ್ನಿ ಮಿಕಿ ಶಿಕ್ಷಕಿಯಾಗಿದ್ದವರು. ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲವದು. ಯುದ್ಧವಿರೋಧಿಗಳ ಸಾಲಿನಲ್ಲಿದ್ದ ಡೇವಿಡ್‌ಗೆ ವಿಶ್ವವಿದ್ಯಾಲಯದ ಬಾಳು ಮುಂದುವರಿಯಲಿಲ್ಲ. 1973ರಲ್ಲಿ ದಂಪತಿಗಳು ಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮೆಂಡೊಸಿನೊ ಜಿಲ್ಲೆಯ ಬೂನ್‌ವಿಲ್ ಎಂಬ ಊರಿನ ಸಮೀಪ, ಗುಡ್ಡದ ಮೇಲೆ 47 ಎಕರೆ ಭೂಮಿಯಲ್ಲಿ ನೆಲೆಸಿದರು. ಗಗನಚುಂಬಿ ರೆಡ್‌ವುಡ್ ಮರಗಳ ಸೀಮೆ ಅದು. ಆದರೆ ಆ ಸೀಮೆಯ ಹಳೆಯ ಮರಗಳಲ್ಲಿ ಬಹುಪಾಲನ್ನು ನಾಟಾ ಕಂಪನಿಗಳು ಒಂದು ಶತಮಾನದ ಅವಧಿಯಲ್ಲಿ ಕಡಿದು ಸಾಗಿಸಿದ್ದವು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ಣ ಒಣ. ಮಳೆಗಾಲದ ಲೆಕ್ಕ ಮಲೆನಾಡಿಗೆ ತಿರುಗುಮುರುಗಾದರೂ, ಕೆಸರು, ಕುಸಿಯುವ ದಾರಿ, ಪೇಟೆಯ ದೂರ ಇವೆಲ್ಲ ಇಲ್ಲಿಯವರಿಗೆ ಹೊಸತಲ್ಲ. ಬೂನ್‌ವಿಲ್ ಕಣಿವೆಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಗಿನವರಿಗೆ ತಿಳಿಯದಂತೆ ತಮ್ಮದೇ ಒಂದು ಗುಟ್ಟಿನ ಆಡುನುಡಿಯನ್ನು ಕಟ್ಟಿಕೊಂಡಿದ್ದರೆಂಬುದು ಭಾಷೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ಅದಕ್ಕೆ ಬೂಂಟ್ಲಿಂಗ್ ಎಂದು ಹೆಸರು.

ನಾಲ್ವರು ಗಂಡುಮಕ್ಕಳು. ಮನೆಯನ್ನು ಕಟ್ಟಬೇಕಿತ್ತು, ಬೇಲಿ ಹಾಕಬೇಕಿತ್ತು, ತೋಟ ಮಾಡಬೇಕಿತ್ತು, ಆಡುಗಳನ್ನು ಸಾಕಬೇಕಿತ್ತು. ಮಕ್ಕಳು ಶಾಲೆಗೆ ಹೋಗಲಿಲ್ಲ, ಮನೆಯಲ್ಲೇ ಕಲಿತರು. ಹಿರಿಯ ಮಗ ಗ್ರಾಂಟ್ ಹಾಲಿನ ಆಡುಗಳ ತಳಿ ಸಂವರ್ಧನೆಯಲ್ಲಿ ಪರಿಣತನಾದ. ಆಡಿನ ಮೇಲಿನ ಆಸಕ್ತಿಯೇ ಅವನನ್ನು ಜೀವಶಾಸ್ತ್ರಕ್ಕೂ ವಂಶವಾಹಿಗಳ ಅಧ್ಯಯನಕ್ಕೂ ಕರೆದೊಯ್ದಿತು. 1983ರಲ್ಲಿ ಅವನಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆತಾಗ ದೇಶದ ಪತ್ರಿಕೆಗಳೂ ದೂರದರ್ಶನವೂ ಈ 'ಆಡು ಕಾಯುವ ಹುಡುಗ'ನನ್ನು ಹುಡುಕಿಕೊಂಡು ಬಂದವು. ನಂತರ ತಮ್ಮಂದಿರಾದ ಡ್ರೂ ಮತ್ತು ರೀಡ್ ಸಹ ಅದೇ ವಿಶ್ವವಿದ್ಯಾಲಯ ಸೇರಿದರು. ತಂದೆತಾಯಿಯರು ತಮ್ಮ ಅನುಭವವನ್ನು ಎರಡು ಪುಸ್ತಕಗಳಲ್ಲಿ ಬರೆದರು. ಒಂದು ಮನೆಪಾಠದ ವಿಧಾನವನ್ನು ಕುರಿತದ್ದು, 1980ರ ದಶಕದ ಕೊನೆಗೆ ಬಂದುದು. ಇನ್ನೊಂದು ಗುಡ್ಡದ ಮೇಲಿನ ಬಾಳಿನ ಕಷ್ಟಸುಖಗಳನ್ನು ಕುರಿತು 1992ರಲ್ಲಿ ಪ್ರಕಟವಾದುದು. ಅದೇ 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾಯಿತೆಂಬುದು ಕೇವಲ ಕಾಕತಾಳೀಯವಾದರೂ, ಭೂಮಿಯ ಎರಡು ಬದಿಗಳಲ್ಲಿ ಬೆಟ್ಟದ ಬದುಕಿನ ಕುರಿತು ಜನ ಆಲೋಚಿಸುತ್ತಿದ್ದರೆಂಬುದಕ್ಕೆ ಅದನ್ನು ನೆನೆಯಬಹುದು.

ಹಾರ್ವರ್ಡಿನ ಹೆಸರು ಕೇಳಿ ಬೆರಗಾಗುವುದು ಸುಲಭ. ಅದಕ್ಕಿಂತ ಮುಖ್ಯವಾದುದು, ಆಡು ಹೇಗೆ ಪಾಠವಾಯಿತು ಎಂಬುದು. ಅದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

ಪಶುಪಾಲನೆಗೆ ಒಂದು ಕಟ್ಟುನಿಟ್ಟಾದ ವೇಳಾಪಟ್ಟಿ ಇದೆ. ಹಾಲು ಕರೆಯುವ ಆಡನ್ನು ದಿನಕ್ಕೆ ಎರಡು ಬಾರಿ, ಸುಮಾರು ಹನ್ನೆರಡು ಗಂಟೆಗಳ ಅಂತರದಲ್ಲಿ ಕರೆಯಬೇಕು. ಭಾನುವಾರವೆಂದಾಗಲಿ ಹಬ್ಬವೆಂದಾಗಲಿ ರಜೆಯಿಲ್ಲ. ಹೀಗಾಗಿ ಮುಂಜಾನೆ ಮತ್ತು ಸಂಜೆಯ ಹೊತ್ತು ಕೊಟ್ಟಿಗೆಗೆ ಮೀಸಲು. ನಡುವಿನ ಹಗಲು ಮತ್ತು ದೀಪ ಹಚ್ಚಿದ ಮೇಲಿನ ಹೊತ್ತು ಮಾತ್ರ ಪುಸ್ತಕಕ್ಕೆ. ಶಾಲೆಯ ಗಂಟೆಯನ್ನು ಮನೆಗೆ ತಂದು ಹೊಡೆಯುವುದರಲ್ಲಿ ಅರ್ಥವಿಲ್ಲವೆಂಬುದು ಕೋಲ್‌ಫ್ಯಾಕ್ಸ್ ದಂಪತಿಗಳ ನಿಲುವು. ಶಾಲೆಯ ದಿನದಲ್ಲಿ ಹಾಜರಿ, ಸಾಲು ನಿಲ್ಲುವುದು, ಕಾಯುವುದು, ಗದ್ದಲ ಅಡಗಿಸುವುದು ಇವೆಲ್ಲ ಕಳೆದರೆ ಉಳಿಯುವ ನಿಜವಾದ ಕಲಿಕೆಯ ಹೊತ್ತು ಅಲ್ಪವೆಂದೂ, ಅಷ್ಟನ್ನು ಮನೆಯಲ್ಲಿ ಒದಗಿಸುವುದು ಅಸಾಧ್ಯವಲ್ಲವೆಂದೂ ಅವರು ವಾದಿಸಿದರು. ಆ ವಾದದಲ್ಲಿ ಸ್ವಲ್ಪ ಅತಿಶಯವಿದೆ. ಸಾಲು ನಿಲ್ಲುವುದರಿಂದಲೂ ಮಕ್ಕಳು ಏನನ್ನೋ ಕಲಿಯುತ್ತಾರೆ, ಮುಖ್ಯವಾಗಿ ಬೇರೆ ಜಾತಿಯ, ಬೇರೆ ಮನೆಯ ಮಗುವಿನ ಹಿಂದೆ ನಿಲ್ಲುವುದರಿಂದ. ಆದರೂ ವಾದದ ತಿರುಳನ್ನು ತಳ್ಳಿಹಾಕಲಾಗದು.

ಇನ್ನು ಆಡಿನ ಗಣಿತ. ಆಡಿನ ಬೆದೆ ಸುಮಾರು 21 ದಿನಗಳಿಗೊಮ್ಮೆ ಮರುಕಳಿಸುತ್ತದೆ; ಗರ್ಭದ ಅವಧಿ ಸುಮಾರು 150 ದಿನ. ಅಕ್ಟೋಬರ್ 1ರಂದು ಹೋತಕ್ಕೆ ಕೊಡಿಸಿದ ಆಡು ಫೆಬ್ರವರಿ 28ರ ಆಸುಪಾಸಿನಲ್ಲಿ ಈಯುತ್ತದೆ ಎಂದು ಹತ್ತು ವರ್ಷದ ಮಗು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಬಲ್ಲದು. ಲೆಕ್ಕ ತಪ್ಪಿದರೆ ಮಾಸ್ತರರ ಕೆಂಪು ಗೀಟಿನ ಬದಲು ನಡುರಾತ್ರಿ ಚಳಿಯಲ್ಲಿ ಒದ್ದೆಯಾಗಿ ಬಿದ್ದ ಮರಿ ಉತ್ತರ ಹೇಳುತ್ತದೆ. ತಂಪು ದೇಶದ ಆಡುಗಳು ಹಗಲು ಕಿರಿದಾಗುವ ಋತುವಿನಲ್ಲಿ ಬೆದೆಗೆ ಬಂದು ವಸಂತದಲ್ಲಿ ಈಯುತ್ತವೆ. ಉಷ್ಣವಲಯದ ಆಡುಗಳಲ್ಲಿ ಅಂತಹ ಬಿಗಿಯಾದ ಋತುನಿಯಮವಿಲ್ಲ. ಇದೇಕೆ ಹೀಗೆ ಎಂದು ಕೇಳಿದ ಮಗುವಿಗೆ ಭೂಗೋಳದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ.

ಮರಿ ಹುಟ್ಟಿದೊಡನೆ ಗಿಣ್ಣದ ಹಾಲು ಕುಡಿಸಬೇಕೆಂಬುದನ್ನು ಮಲೆನಾಡಿನ ಅಜ್ಜಿಯರು ಬಲ್ಲರು. ಕಾರಣವೇನು? ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗಲೇ ಮಗುವಿಗೆ ತಲುಪುತ್ತವೆ. ಆಡು, ಹಸು, ಎಮ್ಮೆಗಳಲ್ಲಿ ಹಾಗಾಗುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣದ ಹಾಲಿನಲ್ಲಿರುವ ಆ ಅಂಶಗಳನ್ನು ಮರಿಯ ಕರುಳು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು, ಒಂದು ದಿನ ಕಳೆಯುವಷ್ಟರಲ್ಲಿ ಅದು ಮುಚ್ಚಿಹೋಗುತ್ತದೆ. ಮೊದಲ ದಿನ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ಗಿಣ್ಣ ಬೇಕೆಂಬುದು ಸಾಮಾನ್ಯ ಅಳತೆ: 3 ಕಿಲೋ ಮರಿಗೆ ಸುಮಾರು 300 ಮಿಲಿಲೀಟರ್. ಇಲ್ಲಿ ಶೇಕಡಾವಾರು ಲೆಕ್ಕವೂ ಶರೀರಶಾಸ್ತ್ರವೂ ಒಂದೇ ಬಟ್ಟಲಲ್ಲಿ ಇವೆ. ಗಿಣ್ಣವನ್ನೆಲ್ಲ ಕರೆದು ಬೆಲ್ಲ ಹಾಕಿ ಬೇಯಿಸುವ ಆಸೆಗೆ ಮನೆಯವರು ಒಂದು ದಿನ ತಡೆ ಹಾಕಬೇಕೆಂಬುದು ಈ ಪಾಠದ ಉಪಫಲ.

ವಂಶವಾಹಿಯ ಪಾಠ ಇನ್ನೂ ರೋಚಕ. ಕೆಲವು ಆಡುಗಳಿಗೆ ಹುಟ್ಟಿನಿಂದಲೇ ಕೊಂಬಿರುವುದಿಲ್ಲ. ಸಾಕುವವರಿಗೆ ಅದು ಅನುಕೂಲ. ಹಾಯುವ ಭಯವಿಲ್ಲ, ಬೇಲಿಗೆ ಸಿಕ್ಕಿಕೊಳ್ಳುವ ಕಾಟವಿಲ್ಲ. ಹಾಗಾದರೆ ಕೊಂಬಿಲ್ಲದ ಹೋತಕ್ಕೆ ಕೊಂಬಿಲ್ಲದ ಆಡನ್ನೇ ಕೊಡಿಸುತ್ತ ಹೋದರೆ ಹಿಂಡೆಲ್ಲ ಬೋಳುತಲೆಯದಾಗಬಹುದಲ್ಲವೇ? ಇಲ್ಲೇ ನಿಸರ್ಗ ಒಂದು ಗಂಟು ಹಾಕಿದೆ. ಕೊಂಬಿಲ್ಲದ ಗುಣವನ್ನು ಒಂದು ಕಡೆಯಿಂದ ಮಾತ್ರ ಪಡೆದ ಜೋಡಿಯ ಮರಿಗಳಲ್ಲಿ ನಾಲ್ಕನೆಯ ಒಂದು ಪಾಲು ಆ ಗುಣವನ್ನು ತಂದೆತಾಯಿ ಇಬ್ಬರಿಂದಲೂ ಪಡೆಯುತ್ತವೆ. ಅವುಗಳಲ್ಲಿ ಹೆಣ್ಣಾಗಬೇಕಾಗಿದ್ದವು ಅರೆ ಗಂಡಿನ ಲಕ್ಷಣ ತಳೆದು ಬಂಜೆಯಾಗುತ್ತವೆ. ಅಂದರೆ ಸರಾಸರಿ ಎಂಟರಲ್ಲಿ ಒಂದು ಮರಿ ನಷ್ಟ. ಆದುದರಿಂದ ತಿಳಿದವರು ಜೋಡಿಯಲ್ಲಿ ಒಂದಕ್ಕಾದರೂ ಕೊಂಬಿರುವಂತೆ ನೋಡಿಕೊಳ್ಳುತ್ತಾರೆ. ಮೆಂಡೆಲನ ಬಟಾಣಿಯನ್ನು ಕಪ್ಪುಹಲಗೆಯ ಮೇಲೆ ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ, ಹಿಂಡಿನ ಮೂರು ತಲೆಮಾರನ್ನು ನೋಟುಪುಸ್ತಕದಲ್ಲಿ ಬರೆದಿಟ್ಟ ವಿದ್ಯಾರ್ಥಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಗ್ರಾಂಟ್‌ನಂತಹವನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದುದು ಏತಕ್ಕೆಂಬುದೂ ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ.

ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಪರಿಸರಾಸಕ್ತರು ಇಲ್ಲಿ ಎತ್ತದಿರಲಾರರು. ಎಳೆಯ ಸಸಿಯ ಕುಡಿಯನ್ನೇ ಚಿವುಟುವ ಪ್ರಾಣಿಯನ್ನು ಕಡಿದ ಕಾಡಿನ ನಡುವೆ ತೆರೆದು ಬಿಟ್ಟರೆ ಮರ ಮತ್ತೆ ಏಳದು. ಬೇಲಿ ಮತ್ತು ಕಟ್ಟಿ ಮೇಯಿಸುವ ಪದ್ಧತಿ ಇಲ್ಲದ ಆಡುಸಾಕಣೆಯನ್ನು ಬೆಟ್ಟದ ಮೇಲೆ ಯಾರೂ ಸಮರ್ಥಿಸಬಾರದು. ಗಾದೆಯಲ್ಲಿ ಇನ್ನೊಂದು ಅಪಾಯವೂ ಉಂಟು. ಆಡು ಎಲ್ಲವನ್ನೂ ಮುಟ್ಟುತ್ತದೆ, ನಿಜ, ಎಲ್ಲವನ್ನೂ ಅರಗಿಸಿಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯ ಗುಡ್ಡಗಳಲ್ಲಿ ಬೆಳೆಯುವ ರೋಡೋಡೆಂಡ್ರಾನ್ ಗಿಡ ಆಡಿಗೆ ವಿಷ. ಇಲ್ಲಿ ಕಣಗಿಲೆ ವಿಷ, ಲಂಟಾನ ವಿಷ. ಸೊಪ್ಪು ತರುವ ಮಗು ಯಾವ ಗಿಡ ಯಾವುದೆಂದು ಗುರುತಿಸಲೇಬೇಕು. ಮಲೆನಾಡಿನಲ್ಲಿ ಹಸುವಿನ ಹಾಸಿಗೆಗೆ, ಮೇವಿಗೆ, ಮದ್ದಿಗೆ ಎಂದು ಬೇರೆ ಬೇರೆಯಾಗಿ ಗಿಡಗಳನ್ನು ಬಲ್ಲ ತಲೆಮಾರು ಕಣ್ಮರೆಯಾಗುತ್ತಿರುವಾಗ, ಆ ಅರಿವು ಪುಸ್ತಕದಲ್ಲಿ ಬರೆದಿಟ್ಟರೆ ಮಾತ್ರ ಉಳಿಯುವುದಿಲ್ಲ. ಸೊಪ್ಪಿನ ಹೊರೆಯೊಡನೆ ಅದು ಉಳಿಯುತ್ತದೆ.

ಮಕ್ಕಳು ಅನೇಕರಿರುವ ಮನೆಗೆ ಒಂದು ಸೌಕರ್ಯವಿದೆ. ಚಿಕ್ಕವನು ಮರಿಗೆ ಬಾಟಲಿ ಹಿಡಿಯುತ್ತಾನೆ, ನಡುವಿನವನು ಹಾಲು ತೂಗಿ ಬರೆಯುತ್ತಾನೆ, ದೊಡ್ಡವನು ಕರೆಯುತ್ತಾನೆ. ಪಾಠದಲ್ಲೂ ಹಾಗೆಯೇ, ಹಿರಿಯರು ಕಲಿತುದನ್ನು ಕಿರಿಯರು ಪಕ್ಕದಲ್ಲಿ ಕುಳಿತು ಅರ್ಧ ಕೇಳಿಯೇ ಕಲಿಯುತ್ತಾರೆ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಸಿದ ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗೆ ಇದು ತಿಳಿಯದ ಗುಟ್ಟಲ್ಲ. ತೊಡಕು ಎಲ್ಲಿದೆ ಎಂದರೆ, ಕೆಲಸ ಮಕ್ಕಳ ಅಳತೆಯನ್ನು ಮೀರಿದಾಗ ಮೊದಲು ಬಲಿಯಾಗುವುದು ಪುಸ್ತಕ. ಆಡು ಅರಚುತ್ತದೆ, ಪುಸ್ತಕ ಅರಚುವುದಿಲ್ಲ. ಆದ್ದರಿಂದ ಎಷ್ಟು ಪಶುಗಳನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಮೇವಿನ ಲೆಕ್ಕದಿಂದಷ್ಟೇ ತೀರ್ಮಾನಿಸದೆ ಮಕ್ಕಳ ಓದಿನ ಹೊತ್ತಿನ ಲೆಕ್ಕದಿಂದಲೂ ತೀರ್ಮಾನಿಸಬೇಕಾಗುತ್ತದೆ. ಇನ್ನು, ಅಡಿಗೆ, ಪಾಠ, ಕೊಟ್ಟಿಗೆ, ಮೂರರ ನಡುವೆ ನಿಲ್ಲುವವಳು ಯಾವ ದೇಶದಲ್ಲೂ ತಾಯಿಯೇ. ಮನೆಪಾಠದ ಗುಣಗಾನ ಮಾಡುವವರು ಆ ತಾಯಿಯ ನಿದ್ರೆಯ ಲೆಕ್ಕವನ್ನೂ ಕೇಳಬೇಕು.

ಈಗ ಕಥೆಯ ಇನ್ನೊಂದು ಮುಖ. ಕೋಲ್‌ಫ್ಯಾಕ್ಸ್ ಮನೆಯಲ್ಲಿ ತಂದೆ ಪ್ರಾಧ್ಯಾಪಕ, ತಾಯಿ ಶಿಕ್ಷಕಿ. ಪುಸ್ತಕವೆಂದರೇನೆಂದು ತಿಳಿದವರು ಬೆಟ್ಟವನ್ನು ತಾವಾಗಿ ಆರಿಸಿಕೊಂಡರು. ಮಲೆನಾಡಿನಲ್ಲಿ ದನ ಕಾಯಲೆಂದು ಶಾಲೆ ಬಿಡಿಸಲ್ಪಟ್ಟ ಹುಡುಗಿಗೆ ಇವೆರಡೂ ಇರಲಿಲ್ಲ. ಅವಳಿಗೆ ಕೊಟ್ಟಿಗೆ ಪಾಠಶಾಲೆಯಾಗಲಿಲ್ಲ. ಓದನ್ನು ತಡೆದ ಗೋಡೆಯಾಯಿತು. ಕಾಡಿನಲ್ಲಿ ದನ ಮೇಯಿಸುವವರಿಗೆ ಉಣ್ಣೆಯ ಕಾಟ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಆ ಉಣ್ಣೆಗಳಿಂದಲೇ. ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ದರಗು ಗುಡಿಸಲು ಕಾಡಿಗೆ ಹೋಗುವ ಋತುವಿನಲ್ಲೇ ಅದರ ಹಾವಳಿ ಹೆಚ್ಚು. 'ನಿಸರ್ಗವೇ ಗುರು' ಎಂದು ವೇದಿಕೆಯ ಮೇಲೆ ಹೇಳುವವರು ಆ ಗುರುವಿನ ಈ ಕೋಪವನ್ನೂ ಬಲ್ಲವರಾಗಿರಬೇಕು.

ಕೆಲಸದ ಮೂಲಕ ಕಲಿಕೆ ಎಂಬ ವಿಚಾರಕ್ಕೆ ಅಮೆರಿಕದ ಮೊರೆ ಹೋಗಬೇಕಾದುದೂ ಇಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿ ಮಂಡಿಸಿದ ನಯೀ ತಾಲೀಮ್ ಇದನ್ನೇ ಹೇಳಿತ್ತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಮಕ್ಕಳ ದುಡಿಮೆಯಿಂದ ಶಾಲೆಯ ವೆಚ್ಚ ಹುಟ್ಟಬೇಕೆಂಬ ಅಂಶವನ್ನು ಪ್ರೊ. ಕೆ.ಟಿ. ಶಾ ಆ ಪರಿಷತ್ತಿನಲ್ಲಿಯೇ ಆಕ್ಷೇಪಿಸಿದ್ದರು. ಆ ಆಕ್ಷೇಪ ಇಂದಿಗೂ ಹಳತಾಗಿಲ್ಲ. ಕಲಿಕೆಗಾಗಿ ಕೆಲಸವೋ, ಕೆಲಸಕ್ಕಾಗಿ ಕಲಿಕೆಯ ಹೆಸರೋ ಎಂಬುದನ್ನು ಪ್ರತಿ ಮನೆಯಲ್ಲಿ ಕೇಳಿಕೊಳ್ಳಬೇಕಾಗಿದೆ.

ಅಮೆರಿಕದಲ್ಲಿಯೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ವಿಸ್ಕಾನ್ಸಿನ್ ರಾಜ್ಯದ ಆಮಿಷ್ ಪಂಥದ ರೈತರು ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆ ಬಿಡಿಸಿ ಹೊಲ ಕೊಟ್ಟಿಗೆಗಳಲ್ಲಿ ತರಬೇತುಗೊಳಿಸುತ್ತಿದ್ದರು. ಅದಕ್ಕಾಗಿ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡವಾಯಿತು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯ ಧರ್ಮಸ್ವಾತಂತ್ರ್ಯದ ಆಧಾರದಲ್ಲಿ ಆ ರೈತರ ಪರವಾಗಿ ತೀರ್ಪಿತ್ತಿತು. ಆದರೆ ನ್ಯಾಯಮೂರ್ತಿ ಡಗ್ಲಾಸ್ ಭಾಗಶಃ ಭಿನ್ನಮತ ದಾಖಲಿಸಿದರು. ತಂದೆತಾಯಿಯರ ಮಾತನ್ನು ಕೇಳಿದ್ದಾಯಿತು, ಮಕ್ಕಳನ್ನು ಕೇಳಿದವರಾರು ಎಂಬುದು ಅವರ ಆಕ್ಷೇಪದ ಸಾರ. ಇಂದು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಆ ನ್ಯಾಯಮೂರ್ತಿಯ ಹೆಸರನ್ನು ಬರೆದುಕೊಳ್ಳುವುದು ಒಳ್ಳೆಯದು.

ಭಾರತದ ಕಾನೂನಿನ ಸ್ಥಿತಿ ಸಂಕ್ಷೇಪವಾಗಿ ಹೀಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ತಪ್ಪಿದ ಪಾಲಕರಿಗೆ ಶಿಕ್ಷೆಯನ್ನು ಅದು ಹೇಳಿಲ್ಲ, ಮನೆಪಾಠದ ಹೆಸರನ್ನೂ ಎತ್ತಿಲ್ಲ. ಮನೆಯಲ್ಲಿ ಕಲಿತವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಯೂ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ದಾರಿಯೂ ಇವೆ. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯಿದೆಯ ಪ್ರಕಾರ 14ರ ಒಳಗಿನ ಮಗು ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸದಲ್ಲಿ ನೆರವಾಗಬಹುದು. ಕೊಟ್ಟಿಗೆಯಲ್ಲಿ ಒಂದು ಗಂಟೆ ಕಳೆದ ಮಗುವಿನ ಮನೆಯವರು ಅಪರಾಧಿಗಳಲ್ಲ. ಶಾಲೆ ತಪ್ಪಿಸಿ ದಿನವಿಡೀ ದನದ ಹಿಂದೆ ಅಟ್ಟಿದರೆ ಮಾತು ಬೇರೆ.

ಮಲೆನಾಡಿನ ಬಹುಪಾಲು ಮನೆಗಳಿಗೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದು ಸಾಧ್ಯವೂ ಅಲ್ಲ, ಇಷ್ಟವೂ ಅಲ್ಲ. ಸಾಧ್ಯವಿರುವುದು, ಇರುವ ಊರಶಾಲೆಯನ್ನು ಮುಚ್ಚಗೊಡದೆ ಕೊಟ್ಟಿಗೆಯನ್ನು ಅದರ ಪ್ರಯೋಗಶಾಲೆಯಾಗಿ ಬಳಸುವುದು. 2012ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಮನ್ನಣೆ ಪಡೆದ ಮಲೆನಾಡು ಗಿಡ್ಡ ಹಸು ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲೇ ಕಟ್ಟಿಕೊಂಡಿದೆ. ಅದು ಯಾವಾಗ ಬೆದೆಗೆ ಬಂತು, ಯಾವಾಗ ಕರು ಹಾಕಿತು, ಯಾವ ಸೊಪ್ಪು ತಿಂದಿತು, ಎಷ್ಟು ಹಾಲಿತ್ತು ಎಂಬುದನ್ನು ಒಂದು ವರ್ಷ ಬರೆದ ವಿದ್ಯಾರ್ಥಿಯ ನೋಟುಪುಸ್ತಕಕ್ಕೆ ವಿಜ್ಞಾನದ ಅಂಕ ಕೊಡಲು ಮಾಸ್ತರರು ಮನಸ್ಸು ಮಾಡಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ.

ಒಂದು ಪ್ರಶ್ನೆ ಮಾತ್ರ ಕೋಲ್‌ಫ್ಯಾಕ್ಸರ ಕಥೆಯಿಂದಲೂ ಬಗೆಹರಿಯುವುದಿಲ್ಲ. ಗ್ರಾಂಟ್ ವೈದ್ಯನಾದ. 2012ರಿಂದ 2014ರವರೆಗೆ ಅಮೆರಿಕದ ಅಧ್ಯಕ್ಷರ ಕಾರ್ಯಾಲಯದಲ್ಲಿ ಏಡ್ಸ್ ನೀತಿ ವಿಭಾಗದ ನಿರ್ದೇಶಕನಾಗಿದ್ದ. 2019ರಿಂದ 2025ರ ಆರಂಭದವರೆಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಆರೋಗ್ಯ ಇಲಾಖೆಯನ್ನು ನಡೆಸಿದ. ಕೋವಿಡ್ ಕಾಲದ ಹೊಣೆ ಅವನ ಮೇಲಿತ್ತು. ರೀಡ್ ನಾಗರಿಕ ಹಕ್ಕುಗಳ ವಕೀಲನಾದ. ತಂದೆ ಡೇವಿಡ್ ಬೆಟ್ಟದ ಸೀಮೆಯಲ್ಲೇ ಉಳಿದು, 1999ರಿಂದ ಹನ್ನೆರಡು ವರ್ಷ ಮೆಂಡೊಸಿನೊ ಜಿಲ್ಲಾಡಳಿತದ ಚುನಾಯಿತ ಸದಸ್ಯರಾಗಿದ್ದರು. ಆಡಿನ ಕೊಟ್ಟಿಗೆಯಲ್ಲಿ ಕಲಿತವರೂ ಕಲಿತಾದ ಮೇಲೆ ನಗರಕ್ಕೆ ಹೋದರು. ವಿದ್ಯೆ ಕೊಟ್ಟಿಗೆಯಿಂದಲೇ ಹುಟ್ಟಿದರೂ ಕೊಟ್ಟಿಗೆಯಲ್ಲೇ ನಿಲ್ಲಲಿಲ್ಲ. ಹಾಗೆ ಹೋದುದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಹಾಲು ಕರೆಯಬೇಕಾದ ಕೈಗಳ ಸಂಖ್ಯೆ ಅಲ್ಲೂ ಇಲ್ಲೂ ಒಂದೊಂದಾಗಿ ಕಡಿಮೆಯಾಗುತ್ತಿದೆ. ಓದಿದವರು ಬೆಟ್ಟದಲ್ಲೇ ಉಳಿಯುವಂತಾಗಲು ಹಾಲಿಗೆ, ಗೊಬ್ಬರಕ್ಕೆ, ಬೆಟ್ಟದ ಬೆಳೆಗೆ ಯಾವ ಬೆಲೆ ಸಿಗಬೇಕು, ರಸ್ತೆ ಮತ್ತು ವೈದ್ಯಸೌಕರ್ಯ ಎಷ್ಟು ಹತ್ತಿರವಿರಬೇಕು ಎಂಬುದನ್ನು ಚರ್ಚೆಗೆ ತೆರೆದಿಟ್ಟಿದೆ. ಆ ಚರ್ಚೆಯನ್ನು ವಿದ್ಯಾರ್ಥಿಗಳೇ ಆರಂಭಿಸಲಿ. ಹಿರಿಯರು ಅವರ ನಂತರ ಮಾತಾಡಲಿ.